ನೆರೆ ಬಂದಾಗ, ಗುಡ್ಡ ಕುಸಿದಾಗ ಹ್ಯಾಮ್ ಏನು ಮಾಡಬೇಕು: ಹವ್ಯಾಸಿ ರೇಡಿಯೊದವರಿಗೊಂದು ಮಾರ್ಗದರ್ಶಿ

ಮುಂಗಾರು ಜೋರಾಗುತ್ತಿದ್ದಂತೆ ಪ್ರತಿ ವರ್ಷವೂ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ: ‘ನನ್ನ ಬಳಿ ಹ್ಯಾಮ್ ಲೈಸೆನ್ಸ್ ಇದೆ, ಒಂದು ಹ್ಯಾಂಡ್‌ಸೆಟ್ಟೂ ಇದೆ. ಎಲ್ಲಾದರೂ ನೆರೆ ಬಂದರೆ ನಾನು ಎಲ್ಲಿಗೆ ಹೋಗಬೇಕು?’ ಇದಕ್ಕೆ ನಾನು ಕೊಡುವ ಉತ್ತರ ಕೇಳಿದವರಿಗೆ ಸಾಮಾನ್ಯವಾಗಿ ರುಚಿಸುವುದಿಲ್ಲ. ಯಾರಾದರೂ ಕರೆಯುವ ತನಕ ಎಲ್ಲಿಗೂ ಹೋಗಬಾರದು. ಆದರೆ ಕರೆಯಬೇಕಾದವರಿಗೆ ನೀವು ಯಾರೆಂದು ಗೊತ್ತಾಗುವ ಹಾಗೆ ಮಾಡಿಕೊಳ್ಳುವ ಕೆಲಸವನ್ನು ಮಳೆ ಬರುವ ಮೊದಲೇ ಮುಗಿಸಿರಬೇಕು. ಈ ಬರಹ ಆ ಕೆಲಸದ ಕುರಿತದ್ದು.

ಹೊಸಬರಿಗಾಗಿ ಒಂದು ಮಾತು. ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಮತ್ತು ಕಾಲ್‌ಸೈನ್ ಪಡೆದು, ಲಾಭದ ಉದ್ದೇಶವಿಲ್ಲದೆ ರೇಡಿಯೊ ಪ್ರಸಾರ ಮಾಡುವ ಹವ್ಯಾಸಿ. ಕಾಲ್‌ಸೈನ್ ಎಂದರೆ ಆ ವ್ಯಕ್ತಿಯ ನಿಲ್ದಾಣಕ್ಕೆ ಜಗತ್ತಿನಲ್ಲಿ ಒಂದೇ ಒಂದಾಗಿರುವ ಗುರುತು. ನಮ್ಮ ದೇಶದಲ್ಲಿ ಹೆಚ್ಚಿನವು ವಿಯು2 ಅಥವಾ ವಿಯು3 ಎಂದು ಆರಂಭವಾಗುತ್ತವೆ.

ಮೊಬೈಲ್ ಯುಗದಲ್ಲಿ ಇದರ ಅಗತ್ಯವೇನು ಎಂದು ಕೇಳುವವರು ಫೋನು ಹೇಗೆ ಸಾಯುತ್ತದೆ ಎಂಬುದನ್ನು ಗಮನಿಸಬೇಕು. ಮೊದಲು ವಿದ್ಯುತ್ ಹೋಗುತ್ತದೆ. ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಡೀಸೆಲ್ ತರುವ ರಸ್ತೆ ಕಡಿದಿದ್ದರೆ ಅಲ್ಲಿಗೆ ಮುಗಿಯಿತು. ಟವರು ಬದುಕಿದ್ದರೂ ಅದನ್ನು ಊರಿಗೆ ಜೋಡಿಸುವ ಫೈಬರ್ ಕೇಬಲ್ಲು ರಸ್ತೆಯ ಬದಿಯಲ್ಲೇ ಹೋಗಿರುವುದರಿಂದ ರಸ್ತೆ ಕುಸಿದಾಗ ಅದೂ ತುಂಡಾಗುತ್ತದೆ. ಇವೆಲ್ಲ ಸರಿಯಿದ್ದರೂ ಸುತ್ತಲಿನ ಊರುಗಳವರೆಲ್ಲ ಒಟ್ಟಿಗೆ ಫೋನು ಮಾಡಲು ಹೊರಟರೆ ಜಾಲಕ್ಕೆ ತಡೆದುಕೊಳ್ಳಲಾಗುವುದಿಲ್ಲ. ಎರಡು ರೇಡಿಯೊಗಳ ನಡುವೆ ಇವು ಯಾವುವೂ ಇಲ್ಲ. ಎರಡು ಬ್ಯಾಟರಿ, ಎರಡು ಆಂಟೆನಾ, ಇಬ್ಬರು ಮನುಷ್ಯರು ಇದ್ದರೆ ಸಾಕು.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಅವರು ತಮ್ಮ ನಿಲ್ದಾಣವನ್ನೇ ತುರ್ತು ನಿಲ್ದಾಣವಾಗಿ ಬದಲಾಯಿಸಿ ಅಂಡಮಾನಿನ ಸುದ್ದಿಯನ್ನು ಮುಖ್ಯನೆಲಕ್ಕೆ ಮುಟ್ಟಿಸಿದರು. 2001ರ ಭುಜ್ ಭೂಕಂಪದಲ್ಲಿಯೂ 1999ರ ಒಡಿಶಾ ಚಂಡಮಾರುತದಲ್ಲಿಯೂ ಹ್ಯಾಮ್‌ಗಳು ಸಂಪರ್ಕದ ಕೆಲಸ ಮಾಡಿದ್ದರು. 2024ರ ಜುಲೈ 30ರಂದು ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಗುಡ್ಡ ಕುಸಿದಾಗ ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಹ್ಯಾಮ್‌ಗಳು ತಾತ್ಕಾಲಿಕ ನಿಲ್ದಾಣ ಹೂಡಿದ್ದರು. ಈ ಯಾವ ಸಂದರ್ಭದಲ್ಲಿಯೂ ಅವರ ಮುಖ್ಯ ಕೆಲಸ ಜನರನ್ನು ನೀರಿನಿಂದ ಎತ್ತುವುದಾಗಿರಲಿಲ್ಲ. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಒಂದಕ್ಷರ ಬದಲಾಗದಂತೆ ಒಯ್ಯುವುದಾಗಿತ್ತು. ಅಂಚೆಯವನ ಕೆಲಸ ಎಂದುಕೊಳ್ಳಿ. ಮುಂದೆ ಹೇಳುವುದೆಲ್ಲ ಆ ಕೆಲಸವನ್ನು ಸರಿಯಾಗಿ ಮಾಡುವ ಬಗೆ.

ಹಂತ 1: ಲೈಸೆನ್ಸ್ ಮತ್ತು ಅದರ ಮಿತಿ

ಹವ್ಯಾಸಿ ರೇಡಿಯೊ ಲೈಸೆನ್ಸನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗ ಕೊಡುತ್ತದೆ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ಎರಡು ದರ್ಜೆಗಳಿವೆ. ರೆಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ತತ್ವ ಮತ್ತು ನಿಯಮಗಳ ಪರೀಕ್ಷೆ ಮಾತ್ರ. ಜನರಲ್ ದರ್ಜೆಗೆ ಇದರೊಂದಿಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನೂ ತಿಳಿದಿರಬೇಕು. ವಿಪತ್ತಿನ ಕೆಲಸಕ್ಕೆ ರೆಸ್ಟ್ರಿಕ್ಟೆಡ್ ದರ್ಜೆ ಸಾಕು, ಮೋರ್ಸ್ ಬಾರದೆಂದು ಹಿಂಜರಿಯಬೇಡಿ. ಪರೀಕ್ಷೆಯ ನಂತರವೂ ಲೈಸೆನ್ಸ್ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಜೂನ್ ತಿಂಗಳ ಮಳೆ ನೋಡಿ ಅರ್ಜಿ ಹಾಕಿದರೆ ಆ ವರ್ಷದ ಮಳೆಗಾಲಕ್ಕೆ ಪ್ರಯೋಜನವಾಗದು.

ಆನ್‌ಲೈನ್‌ನಲ್ಲಿ ಎರಡು ಸಾವಿರ ರೂಪಾಯಿಗೆ ಸಿಗುವ ಹ್ಯಾಂಡ್‌ಸೆಟ್ ಕೊಂಡು ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅಂಥ ಸೆಟ್ಟುಗಳಲ್ಲಿ ಹಲವು ಪೊಲೀಸ್ ಮತ್ತು ಇತರ ಇಲಾಖೆಗಳ ತರಂಗಾಂತರಗಳಲ್ಲೂ ಪ್ರಸಾರ ಮಾಡಬಲ್ಲವು. ಗಾಬರಿಯಲ್ಲಿ ತಪ್ಪು ಚಾನೆಲ್ ಒತ್ತಿದವನು ರಕ್ಷಣಾ ತಂಡದ ಮಾತಿಗೇ ಅಡ್ಡ ಬರುತ್ತಾನೆ.

ಲೈಸೆನ್ಸ್ ಇದ್ದವರೂ ಒಂದು ನಿಯಮವನ್ನು ಮರೆಯುತ್ತಾರೆ. ನಮ್ಮ ಹವ್ಯಾಸಿ ಸೇವೆಯ ನಿಯಮಗಳು 1978ರಲ್ಲಿ ಬಂದವು, ಆಮೇಲೆ ತಿದ್ದುಪಡಿಯಾಗಿವೆ. ಸಾಮಾನ್ಯ ದಿನಗಳಲ್ಲಿ ಒಬ್ಬ ಹ್ಯಾಮ್ ಇನ್ನೊಬ್ಬ ಹ್ಯಾಮ್ ಜೊತೆ ತನ್ನ ಮಾತು ಆಡಬಹುದೇ ಹೊರತು ಮೂರನೆಯವರ ಸಂದೇಶವನ್ನು ಒಯ್ಯುವಂತಿಲ್ಲ. ನೈಸರ್ಗಿಕ ವಿಪತ್ತಿನಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಇದೆ, ಅದೂ ಜಿಲ್ಲಾಧಿಕಾರಿಯಂಥ ಅಧಿಕಾರಸ್ಥರ ಅಥವಾ ಅವರು ಗೊತ್ತುಮಾಡಿದವರ ಸಂದೇಶಗಳಿಗೆ. ಆದುದರಿಂದ ಆಡಳಿತದ ಒಪ್ಪಿಗೆ ಎಂಬುದು ಬರಿಯ ಮರ್ಯಾದೆಯಲ್ಲ, ನಿಮ್ಮ ಕೆಲಸಕ್ಕೆ ಕಾನೂನಿನ ನೆಲೆ. ಲೈಸೆನ್ಸ್‌ನಲ್ಲಿ ನಮೂದಾದ ವಿಳಾಸ ಬಿಟ್ಟು ಬೇರೆಡೆ ನಿಲ್ದಾಣ ಹೂಡುವುದರ ಷರತ್ತುಗಳನ್ನೂ ಮೊದಲೇ ಓದಿಟ್ಟುಕೊಳ್ಳಿ. ಗುಪ್ತ ಸಂಕೇತದಲ್ಲಿ ಮಾತಾಡುವಂತಿಲ್ಲ ಎಂಬುದು ವಿಪತ್ತಿನಲ್ಲೂ ಬದಲಾಗುವುದಿಲ್ಲ; ನೀವು ಹೇಳಿದ್ದನ್ನು ಯಾರು ಬೇಕಾದರೂ ಕೇಳಬಹುದು ಎಂಬ ಎಚ್ಚರ ಸದಾ ಇರಲಿ.

ಹಂತ 2: ಒಂಟಿಯಾಗಿ ಹೊರಡಬೇಡಿ

ನಿಮ್ಮ ಜಿಲ್ಲೆಯ ಅಥವಾ ಹತ್ತಿರದ ಹ್ಯಾಮ್ ಕ್ಲಬ್ಬಿಗೆ ಸೇರಿ. 1959ರಲ್ಲಿ ಆರಂಭವಾದ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ದೇಶದ ಹಳೆಯ ಕ್ಲಬ್ಬುಗಳಲ್ಲಿ ಒಂದು. ಕರಾವಳಿಯಲ್ಲಿಯೂ ಇತರ ನಗರಗಳಲ್ಲಿಯೂ ಗುಂಪುಗಳಿವೆ. ಕ್ಲಬ್ಬೇ ಇಲ್ಲದ ಜಿಲ್ಲೆಯಲ್ಲಿದ್ದರೆ ಸುತ್ತಲಿನ ನಾಲ್ಕೈದು ಹ್ಯಾಮ್‌ಗಳನ್ನು ಹುಡುಕಿ ನೀವೇ ಒಂದು ತಂಡ ಕಟ್ಟಿಕೊಳ್ಳಿ. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಹಗಲೂ ರಾತ್ರಿಯೂ ಎರಡು ಕಡೆ ನಿಲ್ದಾಣ ನಡೆಸುವುದು ಅಸಾಧ್ಯ.

ಆಮೇಲೆ ಜಿಲ್ಲಾಡಳಿತ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. 1077ಕ್ಕೆ ಕರೆ ಮಾಡಿದಾಗ ಎತ್ತಿಕೊಳ್ಳುವ ನಿಯಂತ್ರಣ ಕೊಠಡಿ ಸಾಮಾನ್ಯವಾಗಿ ಅವರ ಕಚೇರಿಯಲ್ಲೇ ಇರುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಮುಂಗಾರು ಪೂರ್ವಸಿದ್ಧತೆಯ ಸಭೆಗಳು ನಡೆಯುವ ಹೊತ್ತಿಗೆ, ತಂಡದ ಪರವಾಗಿ ಒಂದೇ ಪುಟದ ಪತ್ರ ಕೊಡಿ. ಅದರಲ್ಲಿ ಸದಸ್ಯರ ಹೆಸರು, ಕಾಲ್‌ಸೈನ್, ದೂರವಾಣಿ, ವಾಸದ ತಾಲ್ಲೂಕು, ಇರುವ ಸಾಧನ, ಎಷ್ಟು ಗಂಟೆಯೊಳಗೆ ಹೊರಡಬಲ್ಲಿರಿ ಎಂಬುದಿರಲಿ. ಹ್ಯಾಮ್ ರೇಡಿಯೊದ ನೂರು ವರ್ಷದ ಇತಿಹಾಸ ಅದರಲ್ಲಿ ಬೇಡ. ಅದನ್ನು ಓದಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತಿರುತ್ತದೆ, ಆದ್ದರಿಂದ ಪತ್ರವನ್ನು ಪ್ರತಿ ವರ್ಷ ಹೊಸದಾಗಿ ಕೊಡಬೇಕು. ನಿಯಂತ್ರಣ ಕೊಠಡಿಯ ಶಾಶ್ವತ ಸಿಬ್ಬಂದಿಯ ಪರಿಚಯ ಮಾಡಿಕೊಳ್ಳಿ. ಮಧ್ಯರಾತ್ರಿ ನಿಮ್ಮ ಹೆಸರು ನೆನಪಾಗಬೇಕಾದದ್ದು ಅವರಿಗೆ. ಆ ಕಟ್ಟಡದ ತಾರಸಿಯಲ್ಲಿ ಆಂಟೆನಾ ನಿಲ್ಲಿಸಲು ಜಾಗ ಎಲ್ಲಿದೆ, ಕೇಬಲ್ಲು ಯಾವ ಕಿಟಕಿಯಿಂದ ಒಳಗೆ ಬರಬಹುದು ಎಂಬುದನ್ನು ಆಗಲೇ ನೋಡಿ ಬನ್ನಿ. ಅಣಕು ಕಾರ್ಯಾಚರಣೆಗಳಿಗೆ ನಿಮ್ಮನ್ನೂ ಸೇರಿಸಿಕೊಳ್ಳುವಂತೆ ಪತ್ರದಲ್ಲೇ ಕೇಳಿಕೊಳ್ಳಿ.

ಕರೆಯಿಲ್ಲದೆ ವಿಪತ್ತಿನ ಜಾಗಕ್ಕೆ ನುಗ್ಗುವವರು ಕಿರಿದಾದ ಘಟ್ಟದ ರಸ್ತೆಯಲ್ಲಿ ಇನ್ನೊಂದು ವಾಹನ, ಕಾಳಜಿ ಕೇಂದ್ರದಲ್ಲಿ ಇನ್ನೊಂದು ಊಟ, ಕೆಲವೊಮ್ಮೆ ಹುಡುಕಬೇಕಾದ ಇನ್ನೊಬ್ಬ ವ್ಯಕ್ತಿ. ಹ್ಯಾಮ್ ಎಂದು ಬೆನ್ನ ಮೇಲೆ ಬರೆದ ಜಾಕೆಟ್ ಹಾಕಿಕೊಂಡರೂ ಈ ಲೆಕ್ಕ ಬದಲಾಗುವುದಿಲ್ಲ.

ಹಂತ 3: ಸಾಧನ, ಮುಖ್ಯವಾಗಿ ಆಂಟೆನಾ

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮಗೆ ಮುಖ್ಯವಾದವು ಎರಡು ಬಗೆಯ ತರಂಗಗಳು. ಒಂದು ವಿಎಚ್‌ಎಫ್, ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 144ರಿಂದ 146 ಮೆಗಾಹರ್ಟ್ಸ್. ಇದನ್ನು ಎರಡು ಮೀಟರ್ ಬ್ಯಾಂಡ್ ಎನ್ನುತ್ತೇವೆ. ಇದು ಹೆಚ್ಚುಕಡಿಮೆ ನೇರ ದೃಷ್ಟಿಯ ಹಾದಿಯಲ್ಲಿ ಚಲಿಸುತ್ತದೆ. ಬಯಲಿನಲ್ಲಿ 5 ವಾಟ್ ಹ್ಯಾಂಡ್‌ಸೆಟ್ ಇನ್ನೊಂದು ಹ್ಯಾಂಡ್‌ಸೆಟ್ಟಿಗೆ ಕೆಲವು ಕಿಲೋಮೀಟರ್ ಮುಟ್ಟೀತು, ಮಲೆನಾಡಿನಲ್ಲಿ ನಡುವೆ ಒಂದು ಗುಡ್ಡ ಬಂದರೆ ಒಂದು ಕಿಲೋಮೀಟರ್ ಕೂಡ ಮುಟ್ಟಲಿಕ್ಕಿಲ್ಲ. ಈ ಕೊರತೆ ನೀಗಲು ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ: ಒಂದು ತರಂಗಾಂತರದಲ್ಲಿ ಕೇಳಿದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಮತ್ತೆ ಪ್ರಸಾರ ಮಾಡುವ ಯಂತ್ರ ಅದು. ಆದರೆ ರಿಪೀಟರಿಗೂ ವಿದ್ಯುತ್ ಬೇಕು, ಸಿಡಿಲು ಅದಕ್ಕೂ ಬಡಿಯುತ್ತದೆ. ಅದನ್ನೇ ನಂಬಿ ಕೂರಬೇಡಿ. ರಿಪೀಟರ್ ಇಲ್ಲದೆ ನೇರವಾಗಿ ಮಾತಾಡುವುದನ್ನು ಸಿಂಪ್ಲೆಕ್ಸ್ ಎನ್ನುತ್ತಾರೆ. ತಂಡಕ್ಕೆಲ್ಲ ತಿಳಿದ ಎರಡು ಸಿಂಪ್ಲೆಕ್ಸ್ ತರಂಗಾಂತರಗಳನ್ನು ಗೊತ್ತುಮಾಡಿಕೊಂಡು ಸೆಟ್ಟುಗಳಲ್ಲಿ ಮೊದಲೇ ತುಂಬಿಡಿ. ಗುಡ್ಡದ ಏಣಿನ ಮೇಲೆ ಸುರಕ್ಷಿತ ಜಾಗದಲ್ಲಿ ಒಬ್ಬ ಹ್ಯಾಮ್ ಕೂತು ಈಚೆಯ ಮಾತನ್ನು ಆಚೆಗೆ ದಾಟಿಸುವುದು ಹಳೆಯ ಉಪಾಯವಾದರೂ ಇಂದಿಗೂ ನಡೆಯುತ್ತದೆ.

ಹ್ಯಾಂಡ್‌ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾವನ್ನು ನಂಬಬೇಡಿ. ಸುಮಾರು 49 ಸೆಂಟಿಮೀಟರ್ ಉದ್ದದ ಒಂದು ನೆಟ್ಟನೆಯ ಕಡ್ಡಿ, ಅದರ ಬುಡದಿಂದ ಓರೆಯಾಗಿ ಇಳಿಯುವ ಅಷ್ಟೇ ಉದ್ದದ ನಾಲ್ಕು ಕಡ್ಡಿಗಳು, ಇಷ್ಟಿದ್ದರೆ ಗ್ರೌಂಡ್ ಪ್ಲೇನ್ ಆಂಟೆನಾ ಆಯಿತು. ಇದನ್ನು ಬಿದಿರಿನ ಗಳದ ತುದಿಗೆ ಕಟ್ಟಿ ಏಳೆಂಟು ಮೀಟರ್ ಎತ್ತಿದರೆ ಅದೇ 5 ವಾಟ್ ಸೆಟ್ಟು ಬೇರೆಯೇ ಸೆಟ್ಟಿನಂತೆ ಕೆಲಸ ಮಾಡುತ್ತದೆ. ಶಕ್ತಿ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಯಾವಾಗಲೂ ಅಗ್ಗ.

ಎರಡನೆಯದು ಎಚ್‌ಎಫ್, ಅಂದರೆ 3ರಿಂದ 30 ಮೆಗಾಹರ್ಟ್ಸ್. ಇದು ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶವಿರುವ ಪದರಕ್ಕೆ, ತಾಗಿ ಮರಳಿ ನೆಲಕ್ಕೆ ಬರುತ್ತದೆ. ಸಾಮಾನ್ಯ ಹ್ಯಾಮ್ ತನ್ನ ಆಂಟೆನಾವನ್ನು ಆದಷ್ಟು ಎತ್ತರ ಕಟ್ಟಿ ಜಪಾನನ್ನೋ ಬ್ರೆಜಿಲನ್ನೋ ಹಿಡಿಯಲು ನೋಡುತ್ತಾನೆ. ಮಡಿಕೇರಿಯಿಂದ ಮೈಸೂರಿಗೆ ಮಾತು ಮುಟ್ಟಿಸಬೇಕಾದಾಗ ಅದೇ ಆಂಟೆನಾ ಕೈಕೊಡಬಹುದು, ಏಕೆಂದರೆ ಅದರ ತರಂಗ ನಡುವಿನ ಊರುಗಳ ತಲೆಯ ಮೇಲಿಂದ ಹಾರಿ ಬಹುದೂರ ಹೋಗಿ ಇಳಿಯುತ್ತದೆ. ಹತ್ತಿರಕ್ಕೆ ಮಾತಾಡಲು ತರಂಗವನ್ನು ನೆಟ್ಟಗೆ ಮೇಲಕ್ಕೆ ಕಳಿಸಬೇಕು. ತೋಟದ ಸ್ಪ್ರಿಂಕ್ಲರ್ ನೀರಿನಂತೆ ಅದು ಮೇಲೇರಿ ಸುತ್ತಲೂ ಸುರಿಯುತ್ತದೆ. ಗುಡ್ಡ ಅಡ್ಡವಿದ್ದರೂ ಬಾಧೆಯಿಲ್ಲ, ಸುಮಾರು ಮುನ್ನೂರು ನಾನ್ನೂರು ಕಿಲೋಮೀಟರ್ ವ್ಯಾಪ್ತಿ ಸಿಗುತ್ತದೆ. ಇದಕ್ಕೆ ಎನ್‌ವಿಐಎಸ್ ಎನ್ನುತ್ತಾರೆ. ಪಶ್ಚಿಮ ಘಟ್ಟದ ಜಿಲ್ಲೆಗಳಿಗೆ ಇದಕ್ಕಿಂತ ಹೊಂದುವ ವಿಧಾನ ನನಗೆ ಗೊತ್ತಿಲ್ಲ.

ಮಾಡುವುದು ಸುಲಭ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ಉದ್ದದ ತಂತಿ ಬೇಕು. ನಡುವೆ ಕತ್ತರಿಸಿ ಎರಡು ಭಾಗ ಮಾಡಿ, ಮಧ್ಯಕ್ಕೆ ಕೇಬಲ್ ಜೋಡಿಸಿದರೆ ಅದು ಡೈಪೋಲ್. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಬೇಕಾದ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ, ಆಮೇಲೆ ಅಳತೆ ನೋಡಿ ತುದಿ ಕತ್ತರಿಸಿ ಹೊಂದಿಸಿಕೊಳ್ಳಬೇಕು. ಇದನ್ನು ನೆಲದಿಂದ ಕೇವಲ ನಾಲ್ಕೈದು ಮೀಟರ್ ಎತ್ತರದಲ್ಲಿ ಎರಡು ಅಡಕೆ ಮರಗಳ ನಡುವೆ ಅಡ್ಡಲಾಗಿ ಕಟ್ಟಿ. ಹಗಲಿನಲ್ಲಿ 7 ಮೆಗಾಹರ್ಟ್ಸ್ ಕೆಲಸ ಮಾಡುತ್ತದೆ. ಕತ್ತಲಾದ ಮೇಲೆ ಅಯಾನುಗೋಳ ತೆಳುವಾಗಿ ಹತ್ತಿರದ ನಿಲ್ದಾಣಗಳು ಮಾಯವಾದರೆ ರೇಡಿಯೊ ಕೆಟ್ಟಿತೆಂದು ತಿಳಿಯದೆ 3.6 ಮೆಗಾಹರ್ಟ್ಸ್ ಸುತ್ತಿಗೆ ಇಳಿಯಿರಿ. ಅದಕ್ಕೆ ಸುಮಾರು 40 ಮೀಟರ್ ತಂತಿ ಬೇಕಾಗುವುದರಿಂದ ಎರಡನ್ನೂ ಸುತ್ತಿಟ್ಟುಕೊಳ್ಳಿ. ಏಷ್ಯಾ-ಪೆಸಿಫಿಕ್ ವಲಯದ ಹ್ಯಾಮ್ ಸಂಘಟನೆ ತುರ್ತು ಸಂಪರ್ಕದ ಕೇಂದ್ರಗಳೆಂದು ಗುರುತಿಸಿರುವ ತರಂಗಾಂತರಗಳಲ್ಲಿ 3.600, 7.110 ಮತ್ತು 14.300 ಮೆಗಾಹರ್ಟ್ಸ್ ಸೇರಿವೆ. ವಿಪತ್ತಿನ ಸುದ್ದಿ ಬಂದಾಗ ಇವುಗಳ ಆಸುಪಾಸಿನಲ್ಲಿ ಮೊದಲು ಕಿವಿಗೊಡಿ, ಸಾಮಾನ್ಯ ಹರಟೆಗೆ ಅವುಗಳನ್ನು ಬಳಸಬೇಡಿ. ಕಂಬ ಎತ್ತುವಾಗ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ಎರಡು ಸಲ ನೋಡಬೇಕು. ಕರೆಂಟು ಇಲ್ಲ ಎಂದು ಊರವರು ಹೇಳಿದರೂ ಆ ತಂತಿಗೆ ಯಾವ ಗಳಿಗೆಯಲ್ಲಾದರೂ ಬರಬಹುದು. ಸಿಡಿಲಿನ ಸದ್ದು ಕೇಳಿದೊಡನೆ ಆಂಟೆನಾ ಕೇಬಲ್ಲನ್ನು ಕಳಚಿ ಮನೆಯ ಹೊರಗೆ ಹಾಕಿ.

ಇನ್ನು ಸಣ್ಣ ವಸ್ತುಗಳು. ಹ್ಯಾಂಡ್‌ಸೆಟ್ಟುಗಳಿಗೆ ಎಸ್‌ಎಂಎ ಕನೆಕ್ಟರ್, ದೊಡ್ಡ ಸೆಟ್ಟಿನ ಕೇಬಲ್ಲಿಗೆ ಪಿಎಲ್-259. ಒಂದನ್ನು ಇನ್ನೊಂದಕ್ಕೆ ಜೋಡಿಸುವ ಅಡಾಪ್ಟರ್ ಇಲ್ಲದೆ ಒಂದು ಅಣಕು ಕಾರ್ಯಾಚರಣೆಯಲ್ಲಿ ನಾನು ಎರಡು ಗಂಟೆ ಸುಮ್ಮನೆ ಕೂತಿದ್ದೇನೆ. ಪ್ರತಿ ಅಡಾಪ್ಟರನ್ನೂ ಎರಡೆರಡು ಇಟ್ಟುಕೊಳ್ಳಿ. ಹೆಚ್ಚುವರಿ ಫ್ಯೂಸು, ಇನ್ಸುಲೇಷನ್ ಟೇಪು, ಕಟ್ಟಲು ನೈಲಾನ್ ಹಗ್ಗ, ತಲೆಗೆ ಕಟ್ಟುವ ಟಾರ್ಚು, ಟಾರ್ಪಾಲು, ಇಯರ್‌ಫೋನು, ಪೆನ್ನಿಗಿಂತ ಹೆಚ್ಚಾಗಿ ಪೆನ್ಸಿಲ್ಲು, ಲೈಸೆನ್ಸಿನ ಲ್ಯಾಮಿನೇಟ್ ಮಾಡಿದ ಪ್ರತಿ, ಮುದ್ರಿತ ತಾಲ್ಲೂಕು ನಕ್ಷೆ, ಮೂರು ದಿನದ ನಿಮ್ಮ ಊಟ ಮತ್ತು ಔಷಧಿ, ಮಲೆನಾಡಿಗೆ ಹೋಗುವವರಾದರೆ ಇಂಬಳಕ್ಕೆ ಉಪ್ಪಿನ ಪೊಟ್ಟಣ.

ಹಂತ 4: ಬ್ಯಾಟರಿಯ ಲೆಕ್ಕ

100 ವಾಟ್ ಎಚ್‌ಎಫ್ ಸೆಟ್ಟು ಸುಮ್ಮನೆ ಕೇಳುತ್ತಿರುವಾಗ ಸುಮಾರು 1 ಆಂಪಿಯರ್ ಎಳೆಯುತ್ತದೆ. ಪೂರ್ಣ ಶಕ್ತಿಯಲ್ಲಿ ಪ್ರಸಾರದ ಗರಿಷ್ಠ ಕ್ಷಣದಲ್ಲಿ 20 ಆಂಪಿಯರ್, ಮಾತಿನ ಸರಾಸರಿಯಲ್ಲಿ ಅದರ ಅರ್ಧದಷ್ಟು ಎಂದುಕೊಳ್ಳೋಣ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹತ್ತರಲ್ಲೊಂದು ಭಾಗ ಮಾತಾಡಿದರೆ ಕೇಳುವುದಕ್ಕೆ 22, ಮಾತಿಗೆ 24, ಒಟ್ಟು ಸುಮಾರು 46 ಆಂಪಿಯರ್-ಗಂಟೆ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಒಂದು ದಿನಕ್ಕೆ 90-100 ಆಂಪಿಯರ್-ಗಂಟೆಯದು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 60ರದು ಸಾಕು, ತೂಕವೂ ತೀರ ಕಡಿಮೆ. ಶಕ್ತಿಯನ್ನು 100ರಿಂದ 25 ವಾಟ್‌ಗೆ ಇಳಿಸಿದರೆ ಎದುರಿನವರಿಗೆ ದನಿ ಸ್ವಲ್ಪ ತಗ್ಗಿ ಕೇಳಿಸುತ್ತದೆ ಅಷ್ಟೆ, ಬ್ಯಾಟರಿ ಮಾತ್ರ ಬಹಳ ಹೆಚ್ಚು ಹೊತ್ತು ಬರುತ್ತದೆ.

ಸೌರ ಫಲಕದ ಬಗ್ಗೆ ಬಹಳ ಜನ ಕೇಳುತ್ತಾರೆ. ಜುಲೈ ತಿಂಗಳ ಆಗುಂಬೆಯಲ್ಲಿ ಅದನ್ನು ನೆಚ್ಚಿಕೊಳ್ಳುವುದು ಬೇಡ. ವಾಹನದ ಬ್ಯಾಟರಿಯಿಂದ ಚಾರ್ಜು ಮಾಡುವ ವ್ಯವಸ್ಥೆ ಇಟ್ಟುಕೊಳ್ಳಿ. ಜನರೇಟರನ್ನು ಮಳೆಯೆಂದು ಕೋಣೆಯೊಳಗೆ ಅಥವಾ ಕಿಟಕಿಯ ಕೆಳಗೆ ಓಡಿಸಬೇಡಿ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ.

ಹಂತ 5: ಸಂದೇಶ ಬರೆಯುವುದು

ಈ ಬರಹದಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ. ಕೇಳಿದ್ದನ್ನು ಬಾಯಲ್ಲಿ ಇಟ್ಟುಕೊಂಡು ಮುಂದಕ್ಕೆ ಹೇಳಬೇಡಿ. ಮೂರನೆಯ ಬಾಯಿಗೆ ಬರುವಷ್ಟರಲ್ಲಿ ‘ಹದಿನಾಲ್ಕು ಮನೆಗೆ ನೀರು ನುಗ್ಗಿದೆ’ ಎಂಬುದು ‘ಹದಿನಾಲ್ಕು ಮನೆ ಕೊಚ್ಚಿಹೋಗಿದೆ’ ಎಂದಾಗಿರುತ್ತದೆ. ಕಳಿಸುವವರಿಂದಲೇ ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿ, ಆ ಬಳಿಕ ಓದಿ ಕಳಿಸಿ. ಒಂದು ಮಾದರಿ:

ಸಂದೇಶ ಸಂಖ್ಯೆ: 7
ಆದ್ಯತೆ: ಪ್ರಯಾರಿಟಿ
ಬರೆದ ಸಮಯ: 16ನೇ ತಾರೀಖು, 14:20, ಭಾರತೀಯ ಕಾಲಮಾನ
ಇವರಿಂದ: ನೋಡಲ್ ಅಧಿಕಾರಿ, ಕಾಳಜಿ ಕೇಂದ್ರ, ಸರ್ಕಾರಿ ಪ್ರೌಢಶಾಲೆ
ಇವರಿಗೆ: ತಹಶೀಲ್ದಾರ್
ಒಕ್ಕಣೆ: ಕೇಂದ್ರದಲ್ಲಿ 140 ಜನ. ಕುಡಿಯುವ ನೀರು ನಾಳೆ ಬೆಳಗಿನವರೆಗೆ ಸಾಕು. ಇನ್ಸುಲಿನ್ ಬೇಕಾದವರು 3 ಜನ, ಇಂದು ರಾತ್ರಿಯೊಳಗೆ ಬೇಕು. ಸೇತುವೆಯ ಮೇಲೆ ಲಾರಿ ಬರುವುದಿಲ್ಲ, ಜೀಪ್ ಬರುತ್ತದೆ.
ಒಕ್ಕಣೆಯ ಪದಗಳು: 21

ಕೊನೆಯ ಸಾಲಿನ ಎಣಿಕೆ ಅಲಂಕಾರಕ್ಕಲ್ಲ. ಪಡೆದವರು ತಾವು ಬರೆದುಕೊಂಡದ್ದನ್ನು ಎಣಿಸಿದಾಗ 20 ಬಂದರೆ ಎಲ್ಲೋ ಒಂದು ಪದ ಬಿಟ್ಟಿದೆ ಎಂದರ್ಥ, ಆ ಒಂದು ಪದ ‘3’ ಆಗಿರಬಹುದು. ಆದ್ಯತೆಯಲ್ಲಿ ಎಮರ್ಜೆನ್ಸಿ ಎಂದರೆ ಪ್ರಾಣಕ್ಕೆ ನೇರ ಅಪಾಯವಿರುವುದು, ಪ್ರಯಾರಿಟಿ ಎಂದರೆ ಹೊತ್ತು ಮೀರಿದರೆ ಕೆಡುವಂಥದು, ವೆಲ್‌ಫೇರ್ ಎಂದರೆ ‘ನಾವು ಕ್ಷೇಮ’ ಎಂಬ ಮನೆಯವರ ಸುದ್ದಿ, ಉಳಿದದ್ದು ರುಟೀನ್. ಎಲ್ಲಕ್ಕೂ ಎಮರ್ಜೆನ್ಸಿ ಎಂದು ಬರೆಸುವವರು ಸಿಗುತ್ತಾರೆ. ಆಗ ವಿನಯದಿಂದ, ಆದರೆ ಬಿಡದೆ, ಮತ್ತೊಮ್ಮೆ ಕೇಳಿ.

ಸಮಯದಲ್ಲಿ ಹ್ಯಾಮ್‌ಗಳೇ ಹೆಚ್ಚು ತಪ್ಪುತ್ತಾರೆ. ನಮ್ಮ ಲಾಗ್ ಪುಸ್ತಕವನ್ನು, ಅಂದರೆ ಯಾರೊಡನೆ ಯಾವಾಗ ಮಾತಾಡಿದೆವು ಎಂದು ಬರೆದಿಡುವ ದಾಖಲೆಯನ್ನು, ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆಯುವ ರೂಢಿ ಹಲವರಿಗಿದೆ. ಅದಕ್ಕೂ ನಮ್ಮ ಗಡಿಯಾರಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಅಧಿಕಾರಿಗಳ ಕೈ ಸೇರುವ ಸಂದೇಶದಲ್ಲಿ ಭಾರತೀಯ ಕಾಲಮಾನವನ್ನೇ, ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ಬರೆಯಿರಿ.

ಊರಿನ ಹೆಸರು ಇನ್ನೊಂದು ಗುಂಡಿ. ನಮ್ಮ ರಾಜ್ಯದಲ್ಲಿ ಹೊಸಹಳ್ಳಿ, ಹೊಸೂರುಗಳು ಎಷ್ಟಿವೆಯೋ ಲೆಕ್ಕವಿಲ್ಲ. ಕೊಪ್ಪ ಎಂದದ್ದರ ಕೊನೆಗೆ ಗೊರಗೊರ ಸದ್ದಿನಲ್ಲಿ ಒಂದು ಅಕ್ಷರ ಸೇರಿಕೊಂಡರೆ ಅದು ಕೊಪ್ಪಳವಾಗುತ್ತದೆ. ಮಲೆನಾಡಿನ ತಾಲ್ಲೂಕಿಗೆ ಹೋಗಬೇಕಾದ ಸಂದೇಶ ಬಯಲುಸೀಮೆಯ ಜಿಲ್ಲೆಗೆ ಹೋಗುತ್ತದೆ. ಆದ್ದರಿಂದ ಪ್ರತಿ ಊರಿನ ಜೊತೆ ಗ್ರಾಮ ಪಂಚಾಯಿತಿ, ತಾಲ್ಲೂಕು, ಸಾಧ್ಯವಾದರೆ ಪಿನ್‌ಕೋಡ್ ಹೇಳಿ. ಹೆಸರನ್ನು ಅಂತರರಾಷ್ಟ್ರೀಯ ಉಚ್ಚಾರ ಪಟ್ಟಿಯಲ್ಲಿ ಅಕ್ಷರ ಬಿಡಿಸಿ ಹೇಳಿ: ಕೊಪ್ಪ ಎಂದರೆ ಕಿಲೊ, ಆಸ್ಕರ್, ಪಾಪಾ, ಪಾಪಾ, ಆಲ್ಫಾ, ಅಲ್ಲಿಗೆ ಮುಕ್ತಾಯ. ಅಂಕೆಗಳನ್ನು ಬಿಡಿಬಿಡಿಯಾಗಿ ಹೇಳಬೇಕು: 140 ಎಂಬುದು ಒಂದು, ನಾಲ್ಕು, ಸೊನ್ನೆ. ಇಂಗ್ಲಿಷಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ಥರ ಕೇಳಿಸುತ್ತವೆ. ಎರಡೂ ತುದಿಯಲ್ಲಿ ಕನ್ನಡ ಬಲ್ಲವರಿದ್ದರೆ ಒಕ್ಕಣೆಯನ್ನು ಕನ್ನಡದಲ್ಲೇ ಕಳಿಸಿ. ಇಂಗ್ಲಿಷಿಗೆ ತಿರುಗಿಸಿ ಮತ್ತೆ ಕನ್ನಡಕ್ಕೆ ತರುವ ಎರಡು ಹೆಜ್ಜೆಯಲ್ಲಿ ಎರಡು ತಪ್ಪಿಗೆ ಅವಕಾಶವಿದೆ.

ಹಂತ 6: ನೆಟ್‌ನಲ್ಲಿ ನಡೆದುಕೊಳ್ಳುವ ಬಗೆ

ಹಲವು ನಿಲ್ದಾಣಗಳು ಒಂದೇ ತರಂಗಾಂತರದಲ್ಲಿ ಸೇರಿ ಸರದಿಯಂತೆ ಮಾತಾಡುವ ವ್ಯವಸ್ಥೆಯೇ ನೆಟ್. ಅದನ್ನು ನಡೆಸುವವರು ನೆಟ್ ಕಂಟ್ರೋಲ್. ಅವರ ಮಾತೇ ಅಂತಿಮ. ಅವರು ನಿಮಗಿಂತ ಇಪ್ಪತ್ತು ವರ್ಷ ಕಿರಿಯರಾಗಿರಬಹುದು, ಆಗಲೂ ಅಷ್ಟೇ. ಸೇರುವ ಮೊದಲು ಐದು ನಿಮಿಷ ಸುಮ್ಮನೆ ಕೇಳಿ. ಕಾಲ್‌ಸೈನ್, ಇರುವ ಜಾಗ, ನಿಮ್ಮಲ್ಲಿ ಸಂದೇಶ ಇದೆಯೋ ಇಲ್ಲವೋ, ಇಷ್ಟನ್ನು ಹೇಳಿ ಸುಮ್ಮನಾಗಿ. ಬಿಟ್ಟು ಹೋಗುವಾಗ ತಿಳಿಸಿ ಹೋಗಿ. ಇಲ್ಲದಿದ್ದರೆ ನೀವು ಎಲ್ಲಿ ಸಿಕ್ಕಿಬಿದ್ದಿರಿ ಎಂದು ಹುಡುಕಲು ಆರಂಭಿಸುತ್ತಾರೆ.

ಒತ್ತುವ ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಆರಂಭಿಸಿ, ಇಲ್ಲವಾದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಒಬ್ಬರ ಮಾತು ಮುಗಿದ ಮೇಲೆ ಒಂದೆರಡು ಸೆಕೆಂಡು ಖಾಲಿ ಬಿಡಿ; ದುರ್ಬಲ ಬ್ಯಾಟರಿಯ ಒಂದು ನಿಲ್ದಾಣ ತುರ್ತು ಕರೆ ಹಾಕಲು ಆ ಸಂದಿಗಾಗಿಯೇ ಕಾಯುತ್ತಿರಬಹುದು. ದನಿ ಕ್ಷೀಣವಾದ ನಿಲ್ದಾಣವೇ ಬಹುತೇಕ ವಿಪತ್ತಿನ ನಡುವೆ ಇರುವ ನಿಲ್ದಾಣ, ಆದ್ದರಿಂದ ಅದಕ್ಕೆ ಮೊದಲ ಸರದಿ. ನಿಮಗೆ ಕೇಳಿಸುತ್ತಿದ್ದು ನೆಟ್ ಕಂಟ್ರೋಲಿಗೆ ಕೇಳಿಸದಿದ್ದರೆ ‘ರಿಲೇ’ ಎಂದು ಹೇಳಿ ದಾಟಿಸಿ. ಉಳಿದ ಸಮಯದಲ್ಲಿ ಮಾತಾಡದಿರುವುದೂ ಸೇವೆಯೇ. ಎಚ್‌ಎಫ್‌ನಲ್ಲಿ ಮನೆಯಲ್ಲೇ ಕೂತು ಕೇಳುತ್ತಾ, ಬೇಕಾದಾಗ ಮಾತ್ರ ಒಂದು ಸಂದೇಶ ದಾಟಿಸಿದವರು ಗುಡ್ಡ ಹತ್ತಿದವರಷ್ಟೇ ಕೆಲಸಕ್ಕೆ ಬಂದಿದ್ದಾರೆ. ವಯಸ್ಸಾದ ಹ್ಯಾಮ್‌ಗಳು ಇದನ್ನು ಗಮನಿಸಬೇಕು.

ಇಕೊಲಿಂಕ್‌ನಂಥ ವ್ಯವಸ್ಥೆಗಳು ಇಂಟರ್‌ನೆಟ್ ಮೂಲಕ ರೇಡಿಯೊಗಳನ್ನು ಜೋಡಿಸುತ್ತವೆ. ಇಂಟರ್‌ನೆಟ್ ಹೋದ ಊರಿನಲ್ಲಿ ಅವುಗಳ ಮೇಲೆ ಭರವಸೆ ಬೇಡ. ರೇಡಿಯೊ ಮೂಲಕವೇ ಇಮೇಲ್ ಕಳಿಸುವ ವಿನ್‌ಲಿಂಕ್ ಉದ್ದನೆಯ ಪಟ್ಟಿಗಳಿಗೆ ಒಳ್ಳೆಯದು, ಆದರೆ ಮೊದಲೇ ಅಭ್ಯಾಸ ಮಾಡಿರದವರು ವಿಪತ್ತಿನ ದಿನ ಅದನ್ನು ಕಲಿಯಲು ಹೋಗಬಾರದು.

ಹಂತ 7: ಕರೆ ಬಂದ ಮೇಲೆ

ಮೊದಲು ನಿಮ್ಮ ಮನೆಯವರು ಸುರಕ್ಷಿತರೇ ನೋಡಿ. ಮನಸ್ಸು ಮನೆಯಲ್ಲಿಟ್ಟು ಬಂದವರಿಂದ ಸರಿಯಾದ ಸಂದೇಶ ಹೊರಡುವುದಿಲ್ಲ. ಎಲ್ಲಿಗೆ ಹೋಗಬೇಕು, ಯಾರಿಗೆ ವರದಿ ಮಾಡಬೇಕು, ಯಾವ ದಾರಿ ತೆರೆದಿದೆ ಎಂಬುದನ್ನು ಬರೆದುಕೊಂಡು ಇಬ್ಬಿಬ್ಬರಾಗಿ ಹೊರಡಿ. ಹರಿಯುವ ನೀರಿನ ಮೇಲೆ ವಾಹನ ಓಡಿಸಬೇಡಿ. ಮೊದಲ ನಿಲ್ದಾಣ ನಿಯಂತ್ರಣ ಕೊಠಡಿಯಲ್ಲಿ, ಎರಡನೆಯದು ಸಂಪರ್ಕ ಕಡಿದ ಜಾಗದ ಕಾಳಜಿ ಕೇಂದ್ರದಲ್ಲಿ. ಎರಡೂ ತುದಿ ಸಿದ್ಧವಾಗದೆ ಒಂದರಿಂದ ಏನೂ ಆಗದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬರೆಯಬೇಕು. ಆರು ಗಂಟೆಗೊಮ್ಮೆ ಆಳು ಬದಲಾಗಬೇಕು. ಹನ್ನೆರಡು ಗಂಟೆ ಕೂತೆ ಎಂದು ಹೆಮ್ಮೆ ಪಡುವವರ ಕೊನೆಯ ಎರಡು ಗಂಟೆಯ ಲಾಗ್ ಪುಸ್ತಕ ನೋಡಿದರೆ ಏಕೆಂದು ತಿಳಿಯುತ್ತದೆ.

ಪೊಲೀಸರ ಹಾಗೂ ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗಳ ಬಳಿ ಅವರದೇ ವೈರ್‌ಲೆಸ್ ಇರುತ್ತದೆ. ಅವರಿಗೆ ಪರ್ಯಾಯವಾಗಿ ನಿಲ್ಲುವ ಆಸೆ ಬೇಡ; ಅವರ ಜಾಲ ಮುಟ್ಟದ ಎರಡು ಇಲಾಖೆಗಳ ನಡುವೆ, ಉದಾಹರಣೆಗೆ ಕಾಳಜಿ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ನಡುವೆ, ಸಾಮಾನ್ಯವಾಗಿ ಖಾಲಿ ಜಾಗ ಇರುತ್ತದೆ. ಅದನ್ನು ತುಂಬಿ.

ಮೃತರ ಹೆಸರನ್ನು ಅಧಿಕಾರಿಗಳ ಲಿಖಿತ ಸೂಚನೆಯಿಲ್ಲದೆ ಗಾಳಿಯಲ್ಲಿ ಹೇಳಲೇಬಾರದು. ಮನೆಯವರು ಆ ಸುದ್ದಿಯನ್ನು ಅಪರಿಚಿತರ ರೇಡಿಯೊದಿಂದ ಕೇಳುವಂತಾಗಬಾರದು. ನಾಪತ್ತೆಯಾದವರ ಬಗ್ಗೆ ಊಹೆ ಬೇಡ. ‘ಅಣೆಕಟ್ಟು ಒಡೆದಿದೆಯಂತೆ’ ಎಂಬಂಥ ಮಾತನ್ನು ಹೇಳಿದವರು ಯಾರು, ನೋಡಿದವರು ಯಾರು ಎಂದು ಬರೆದುಕೊಂಡು ಅಧಿಕಾರಿಗೆ ಒಪ್ಪಿಸಿ, ಪ್ರಸಾರ ಮಾಡಬೇಡಿ. ನೀವು ಕೇಳಿಸಿಕೊಂಡ ಸಂದೇಶದ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ನಿಮ್ಮ ತಂಡವನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ, ಕರೆಯಲೂಬಾರದು.

ಹಂತ 8: ಮುಗಿಸುವುದು

ದೂರವಾಣಿ ಮರಳಿದ ಮೇಲೂ ನಿಲ್ದಾಣ ನಡೆಸುತ್ತಲೇ ಇರುವ ಹಂಬಲ ಕೆಲವರಿಗಿರುತ್ತದೆ. ಅಧಿಕಾರಿ ಸಾಕೆಂದರೆ ಸಾಕು. ಎಲ್ಲ ನಿಲ್ದಾಣಗಳಿಗೂ ತಿಳಿಸಿ, ಉಳಿದ ಸಂದೇಶಗಳನ್ನು ಮುಟ್ಟಿಸಿ, ನೆಟ್ ಮುಚ್ಚಿದ ಸಮಯವನ್ನು ಬರೆದಿಡಿ. ಸಂದೇಶಗಳ ಮೂಲ ಪ್ರತಿಗಳನ್ನು ನಿಯಂತ್ರಣ ಕೊಠಡಿಗೆ ಕೊಟ್ಟು ಒಂದು ಪ್ರತಿ ತಂಡದಲ್ಲಿಟ್ಟುಕೊಳ್ಳಿ. ಒಂದು ವಾರದೊಳಗೆ ಎಲ್ಲರೂ ಕೂತು ಯಾವ ಸಂದೇಶ ತಡವಾಯಿತು, ಯಾವ ಕಡೆ ತರಂಗ ಮುಟ್ಟಲಿಲ್ಲ, ಯಾವ ಅಡಾಪ್ಟರ್ ಇರಲಿಲ್ಲ ಎಂಬುದನ್ನು ಹೆಸರು ಹಿಡಿದು ದೂರದೆ ಬರೆಯಿರಿ. ತರಂಗ ಮುಟ್ಟದ ಜಾಗಗಳನ್ನು ತಾಲ್ಲೂಕು ನಕ್ಷೆಯ ಮೇಲೆ ಗುರುತು ಹಾಕಿ. ಆ ರಾತ್ರಿಯೇ ಮಾಡಬೇಕಾದ ಕೆಲಸವೂ ಒಂದಿದೆ: ಮನೆಗೆ ಬಂದೊಡನೆ ಚೀಲ ಬಿಚ್ಚಿ, ಕೇಬಲ್ಲಿನ ತುದಿಗಳನ್ನು ಒರೆಸಿ, ಎಲ್ಲವನ್ನೂ ಫ್ಯಾನಿನ ಕೆಳಗೆ ಹರಡಿ ಒಣಗಲು ಬಿಟ್ಟು, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗಿ.